ಅಗ್ಗದ ಅಂಬರ್ ದೀಪ ಕೊಳ್ಳಬಹುದಾ?

ಪ್ರಶ್ನೆ: ಕಂಬ, ತಂತಿ ರಿಪೇರಿಗೆ ಓಡಾಡುವ ಎರಡು ಟ್ರಕ್ ನಮ್ಮಲ್ಲಿವೆ. ರಸ್ತೆ ಬದಿ ನಿಲ್ಲಿಸಿದಾಗ ಮಿನುಗುವ ಅಂಬರ್ (ಹಳದಿ-ಕಿತ್ತಳೆ ಬಣ್ಣದ) ದೀಪ ಬೇಕು, ಕೈಯಲ್ಲಿ ದುಡ್ಡು ಕಮ್ಮಿ. ಮ್ಯಾಗ್ನೆಟ್ ದೀಪ ಸಾಕಾ?

ಉತ್ತರ: ಅಗ್ಗದ್ದೇ ಕೊಳ್ಳಿ, ತಪ್ಪಿಲ್ಲ. ಆದರೆ ಡಬ್ಬದ ಮೇಲಿನ ಎಲ್‌ಇಡಿ ಲೆಕ್ಕ ನೋಡಿ ಮರುಳಾಗಬೇಡಿ. ಎಸ್‌ಎಇ ಜೆ845 ಅಥವಾ ಇಸಿಇ ಆರ್65 ಗುರುತು, ಅಂದರೆ ಎಚ್ಚರಿಕೆ ದೀಪಗಳ ಗುಣಮಟ್ಟದ ಗುರುತು, ದೀಪದ ಮೈಮೇಲೇ ಇದೆಯಾ ನೋಡಿ. ಜೆ845ರಲ್ಲಿ ಮೂರು ಕ್ಲಾಸ್, ಅದರಲ್ಲಿ ಕ್ಲಾಸ್ 1 ಎಲ್ಲಕ್ಕಿಂತ ಪ್ರಖರ. ವಾಹನ ಓಡಾಡುವ ರಸ್ತೆಯಲ್ಲಿ ನಿಂತು ಕೆಲಸ ಮಾಡುವವರಿಗೆ ಅದೇ ಸರಿ, ಇಲ್ಲಿ ಮಾತ್ರ ಜಿಪುಣತನ ಬೇಡ.

ಮ್ಯಾಗ್ನೆಟ್ ಕಬ್ಬಿಣದ ಛಾವಣಿಗೆ ಅಂಟುತ್ತೆ, ಅಲ್ಯೂಮಿನಿಯಂ, ಫೈಬರ್‌ಗೆ ಅಂಟಲ್ಲ. ಅಡಿಯಲ್ಲಿ ಮರಳು ಸಿಕ್ಕಿದರೆ ಪೇಂಟ್ ಗೀರುತ್ತೆ, ಬಾಗಿಲ ಸಂದಿಯಲ್ಲಿ ಹೋಗುವ ವೈರು ಪ್ರತಿ ಸಲ ಬಾಗಿಲು ಹಾಕಿದಾಗಲೂ ನಜ್ಜುಗುಜ್ಜಾಗಿ ಒಂದು ದಿನ ಒಳಗಿನ ತಾಮ್ರ ಹೊರಗೆ ಕಾಣುತ್ತೆ. ಅಪರೂಪಕ್ಕೆ ಬಳಸೋದಾದರೆ ಸಾಕು, ದಿನಾ ಬಳಸುವುದಾದರೆ ಬೋಲ್ಟ್ ಹಾಕಿ ಕೂರಿಸಿ, ಫ್ಯೂಸ್ ಮರೆಯಬೇಡಿ.

ದೊಡ್ಡ ಟ್ರಕ್ಕುಗಳಲ್ಲಿ ಸಾಮಾನ್ಯವಾಗಿ 24 ವೋಲ್ಟ್ ಇರುತ್ತೆ, 12ರ ದೀಪ ಹಾಕಿದರೆ ಸುಟ್ಟುಹೋಗಬಹುದು. 10ರಿಂದ 30 ವೋಲ್ಟ್ ಅಂತ ಬರೆದದ್ದು ಎರಡಕ್ಕೂ ನಡೆಯುತ್ತೆ. ನೀರು, ಧೂಳು ಒಳಹೋಗದ ಹಾಗೆ ಐಪಿ67 ದರ್ಜೆಯದ್ದೇ ಇರಲಿ.

ಇನ್ನೊಂದು ಮಾತು, ಛಾವಣಿಗೆ ಅಡ್ಡಲಾಗಿ ಕೂರುವ ಉದ್ದ ದೀಪದ ಪಟ್ಟಿ, ಅಂದರೆ ದುಬಾರಿ ಲೈಟ್‌ಬಾರ್ ಒಂದರ ಬದಲು ಮುಂದೊಂದು ಹಿಂದೊಂದು ಸಣ್ಣ ದೀಪ ಮೇಲು, ಯಾಕಂದ್ರೆ ಏಣಿಯೋ ಕ್ರೇನೋ ಮರೆಯಾದರೆ ಎಷ್ಟು ಪ್ರಖರವಾಗಿದ್ದರೂ ಹಿಂದಿನವನಿಗೆ ಕಾಣಲ್ಲ ಅಲ್ವಾ. ರಾತ್ರಿಗೆ ಬೆಳಕು ತಗ್ಗಿಸುವ ಸ್ವಿಚ್ ಇದ್ದರೆ ಎದುರು ಬರುವವರ ಕಣ್ಣೂ ಕುಕ್ಕಲ್ಲ.