ಟೀಚರ್‌ಗೊಂದು ಪತ್ರ: ‘ನೀರು ತರಲೇ, ಟೀಚರ್?’

ಹಿಂದಿನ ಸಂಚಿಕೆಯಲ್ಲಿ ಕಲಿಕಾ ನ್ಯೂನತೆಯ ಬಗ್ಗೆ, ಅಂದರೆ ಜಾಣ ಮಕ್ಕಳಿಗೂ ಓದು ಬರಹ ಹತ್ತದಿರುವ ತೊಂದರೆಯ ಬಗ್ಗೆ, ಎರಡೇ ಸಾಲು ಬರೆದಿದ್ದೆ. ಅಷ್ಟಕ್ಕೇ ಅಂಚೆಯವನ ಚೀಲ ಭಾರವಾಗಿದೆ. ಎಲ್ಲರಿಗೂ ಉತ್ತರಿಸಲು ಪುಟ ಸಾಲದು. ನಾಲ್ಕು ಪತ್ರಗಳನ್ನು ಆರಿಸಿದ್ದೇನೆ. ಬರೆದವರ ಹೆಸರು ಹಾಕಿಲ್ಲ.

*ನನ್ನ ಮಗನಿಗೆ ಒಂಬತ್ತು ವರ್ಷ, ನಾಲ್ಕನೇ ತರಗತಿ. ಅಜ್ಜಿ ಹೇಳಿದ ಕಥೆಯನ್ನು ಒಂದು ಮಾತೂ ಬಿಡದೆ ತಿರುಗಿ ಹೇಳುತ್ತಾನೆ. ಪುಸ್ತಕ ಕೊಟ್ಟರೆ ‘ಕಣ್ಣು’ ‘ಕಣು’ ಆಗುತ್ತದೆ, ‘ಸೂರ್ಯ’ ‘ಸೂಯ್ರ’ ಆಗುತ್ತದೆ. ಮೈಸೂರಿನಲ್ಲಿ ಪರೀಕ್ಷೆ ಮಾಡಿಸಿದೆವು. ಡಿಸ್ಲೆಕ್ಸಿಯ, ಅಂದರೆ ಓದುವುದರಲ್ಲಿ ತೊಡಕು, ಎಂದು ಬರೆದುಕೊಟ್ಟಿದ್ದಾರೆ. ‘ಮಗುವಿಗೆ ಹೇಳಬೇಡ, ಅದನ್ನೇ ನೆಪ ಮಾಡಿಕೊಂಡು ಓದುವುದನ್ನು ಬಿಟ್ಟಾನು’ ಎನ್ನುತ್ತಾರೆ ಮನೆಯವರು. ಹೇಳಬೇಕೇ, ಬೇಡವೇ?*
– ಒಬ್ಬ ತಾಯಿ, ತಿಪಟೂರು

ಹೇಳಿ ತಾಯಿ. ಏಕೆಂದರೆ ಅವನಿಗೆ ಆಗಲೇ ಗೊತ್ತಿದೆ. ಹೆಸರೊಂದು ಗೊತ್ತಿಲ್ಲ, ಅಷ್ಟೇ. ನೀವು ಹೆಸರು ಹೇಳದಿದ್ದರೆ ಅವನೇ ಒಂದನ್ನು ಇಟ್ಟುಕೊಳ್ಳುತ್ತಾನೆ. ನಮ್ಮ ಶಾಲೆಗಳಲ್ಲಿ ಆ ಹೆಸರು ಯಾವಾಗಲೂ ‘ದಡ್ಡ’.

1994ರಲ್ಲಿ ನನ್ನ ಮೂರನೇ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಪಾಠ ಓದಿಸುವ ಹೊತ್ತಿಗೆ ಸರಿಯಾಗಿ ಎದ್ದು ನಿಂತು ‘ನೀರು ತರಲೇ, ಟೀಚರ್?’ ಎಂದು ಕೇಳುತ್ತಿದ್ದ. ಎಷ್ಟು ಸೇವಾಭಾವದ ಮಗು ಎಂದುಕೊಂಡು ಕೊಡ ಕೊಟ್ಟು ಕಳುಹಿಸುತ್ತಿದ್ದೆ. ಕೊಡ ತುಂಬಿದ್ದ ದಿನ ಸೀಮೆಸುಣ್ಣ ತರಲು ಹೋಗುತ್ತಿದ್ದ. ಅದೂ ಇಲ್ಲದ ದಿನ ಸಾಲಿನಲ್ಲಿ ತನ್ನ ಮುಂದೆ ಎಷ್ಟು ಮಕ್ಕಳಿದ್ದಾರೆ ಎಂದು ಎಣಿಸಿ, ತನ್ನ ಪಾಲಿಗೆ ಯಾವ ಭಾಗ ಬರುತ್ತದೆ ಎಂದು ಲೆಕ್ಕ ಹಾಕಿ, ಪಕ್ಕದವನಿಂದ ಪಿಸುಮಾತಿನಲ್ಲಿ ಹೇಳಿಸಿಕೊಂಡು ಬಾಯಿಪಾಠ ಮಾಡಿರುತ್ತಿದ್ದ. ಇಷ್ಟೆಲ್ಲ ಯೋಚನೆ ಮಾಡುವ ಹುಡುಗ ದಡ್ಡನೇ? ನನಗೆ ಆಗ ತಿಳಿಯಲಿಲ್ಲ. ‘ಸೂರ್ಯ’ ಎಂದು ಐವತ್ತು ಸಲ ಬರೆದುಕೊಂಡು ಬಾ ಎಂದೆ. ಐವತ್ತು ಸಲವೂ ಒಂದೇ ರೀತಿ ತಪ್ಪು ಬರೆದು ತಂದ. ಬೆನ್ನಿಗೆ ಒಂದು ಕೊಟ್ಟೆ. ಡಿಸ್ಲೆಕ್ಸಿಯ ಎಂಬ ಪದವನ್ನು ನಾನು ಮೊದಲು ಕೇಳಿದ್ದು ಇದಾದ ಒಂಬತ್ತು ವರ್ಷಗಳ ಮೇಲೆ, ಒಂದು ತರಬೇತಿಯಲ್ಲಿ. ಆ ದಿನ ಮಧ್ಯಾಹ್ನದ ಊಟ ನನಗೆ ಸೇರಲಿಲ್ಲ.

ಅಂದ ಹಾಗೆ, ನಿಮ್ಮ ಮಗನ ‘ಸೂಯ್ರ’ ತಲೆಬುಡವಿಲ್ಲದ ತಪ್ಪಲ್ಲ. ಬಾಯಲ್ಲಿ ‘ರ’ ಮೊದಲು ಬರುತ್ತದೆ, ‘ಯ’ ಆಮೇಲೆ. ಕಾಗದದ ಮೇಲೆ ‘ಯ’ ಮುಂದೆ ನಿಂತಿರುತ್ತದೆ, ಅರ್ಕಾವತ್ತು ಅದರ ಹಿಂದೆ. ಹುಡುಗ ಕಂಡದ್ದನ್ನು ಕಂಡ ಕ್ರಮದಲ್ಲೇ ಓದಿದ್ದಾನೆ. ಇದನ್ನು ಅವನಿಗೂ ತೋರಿಸಿ. ‘ಇಲ್ಲಿ ಬಾಯಿಗೊಂದು ದಾರಿ, ಕಣ್ಣಿಗೊಂದು ದಾರಿ’ ಎಂದರೆ ಅವನ ಮುಖ ಅರಳುವುದನ್ನು ನೋಡುತ್ತೀರಿ. ಕಾಗುಣಿತವನ್ನು ಲೆಕ್ಕ ಹಿಡಿದರೆ ಕನ್ನಡದಲ್ಲಿ ಮಗು ಗುರುತಿಸಬೇಕಾದ ರೂಪಗಳು ನಾನೂರಕ್ಕೂ ಹೆಚ್ಚು. ಒತ್ತಕ್ಷರಗಳು ಬೇರೆ. ಕನ್ನಡದ ಮಕ್ಕಳ ಓದಿನ ಬಗ್ಗೆ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಅಕ್ಷರಗಳ ಕಲಿಕೆ ನಾಲ್ಕನೇ ತರಗತಿಯವರೆಗೂ ಸಾಗುತ್ತದೆ. ಆದ್ದರಿಂದ ಎರಡನೇ ತರಗತಿಯ ಮಗು ಒತ್ತಕ್ಷರ ತಪ್ಪಿದ ಕೂಡಲೇ ಯಾರೂ ಗಾಬರಿಯಾಗಬೇಡಿ. ನಿಮ್ಮ ಮಗನ ವಿಷಯ ಬೇರೆ, ಅವನಿಗೆ ಪರೀಕ್ಷೆ ಆಗಿದೆ.

ಹೇಗೆ ಹೇಳುವುದು? ಎದುರಿಗೆ ಕೂರಿಸಿಕೊಂಡು ‘ನಿನ್ನ ಹತ್ತಿರ ಒಂದು ವಿಷಯ ಮಾತನಾಡಬೇಕು’ ಎಂದು ಆರಂಭಿಸಬೇಡಿ, ಮಗು ಹೆದರುತ್ತದೆ. ಅವರೆಕಾಯಿ ಸುಲಿಯುವಾಗಲೋ, ಬಸ್ಸಿನಲ್ಲಿ ಕಿಟಕಿಯ ಪಕ್ಕ ಅವನನ್ನು ಕೂರಿಸಿಕೊಂಡಾಗಲೋ ಹೇಳಿ. ಮಾತು ಹೀಗಿರಲಿ: ‘ನಿನಗೆ ಓದುವುದು ಬೇರೆಯವರಿಗಿಂತ ಕಷ್ಟ. ನೀನು ಸೋಮಾರಿ ಎಂದು ಹಾಗಾಗಿಲ್ಲ. ಅಕ್ಷರಕ್ಕೂ ಸದ್ದಿಗೂ ಗಂಟು ಹಾಕುವ ಕೆಲಸ ನಿನ್ನ ಮೆದುಳಿನಲ್ಲಿ ನಿಧಾನ. ಇದಕ್ಕೆ ಡಿಸ್ಲೆಕ್ಸಿಯ ಎಂದು ಹೆಸರು. ಇದು ಜ್ವರದ ಹಾಗೆ ಬಿಟ್ಟುಹೋಗುವುದಿಲ್ಲ. ಆದರೆ ಬೇರೆ ರೀತಿ ಕಲಿಸಿದರೆ ಓದು ಬರುತ್ತದೆ.’ ಇಷ್ಟು ಸಾಕು. ಅವನು ‘ಹೂಂ’ ಎಂದು ಕಿಟಕಿಯಾಚೆ ನೋಡಬಹುದು. ಬಿಡಿ. ನಾಲ್ಕು ದಿನ ಬಿಟ್ಟು ಸ್ನಾನದ ಮನೆಯಿಂದ ಕೂಗಿ ಒಂದು ಪ್ರಶ್ನೆ ಕೇಳುತ್ತಾನೆ. ಮಾತು ಮುಂದುವರಿಯುವುದು ಆಗ.

ಐನ್‌ಸ್ಟೈನ್‌ಗೂ ಇದೇ ಇತ್ತು ಎಂದು ಮಾತ್ರ ಹೇಳಬೇಡಿ. ಅದಕ್ಕೆ ಗಟ್ಟಿ ಆಧಾರವಿಲ್ಲ. ಮೇಲಾಗಿ, ಓದಲು ಬಾರದ ಸಂಕಟದ ಜೊತೆಗೆ ವಿಜ್ಞಾನಿಯಾಗಬೇಕಾದ ಸಂಕಟವೂ ಮಗುವಿನ ತಲೆಗೇರುತ್ತದೆ. ನಾನು ಮಕ್ಕಳಿಗೆ ಪರ್ಸಿಯ ಕಥೆ ಹೇಳುತ್ತೇನೆ. ಇಂಗ್ಲೆಂಡಿನ ಹದಿನಾಲ್ಕು ವರ್ಷದ ಹುಡುಗ. ಆಟದಲ್ಲಿ ಚುರುಕು, ಬುದ್ಧಿಯಲ್ಲಿ ಚುರುಕು, ಓದು ಮಾತ್ರ ಹತ್ತಲಿಲ್ಲ. ಪ್ರಿಂಗಲ್ ಮಾರ್ಗನ್ ಎಂಬ ವೈದ್ಯರು 1896ರಲ್ಲಿ ಅವನ ಬಗ್ಗೆ ವೈದ್ಯಪತ್ರಿಕೆಯೊಂದರಲ್ಲಿ ಬರೆದರು. ಹುಡುಗ ತನ್ನ ಹೆಸರನ್ನೇ ‘ಪ್ರೆಸಿ’ ಎಂದು ಬರೆದಿದ್ದನಂತೆ. ಪಾಠವೆಲ್ಲ ಬಾಯಿಮಾತಿನಲ್ಲೇ ನಡೆದರೆ ಶಾಲೆಗೆಲ್ಲ ಇವನೇ ಜಾಣ ಎಂದು ಅವನ ಮೇಷ್ಟರು ಹೇಳಿದ್ದರಂತೆ. ‘ತನ್ನ ಹೆಸರನ್ನೇ ತಪ್ಪು ಬರೆದನೇ!’ ಎಂದು ಮಕ್ಕಳು ನಗುತ್ತಾರೆ. ಆ ನಗುವಿನಲ್ಲಿ ಎಷ್ಟು ನಿರಾಳ ಇರುತ್ತದೆ ಎಂಬುದನ್ನು ಕೇಳಿಯೇ ತಿಳಿಯಬೇಕು.

ನೆಪ ಮಾಡಿಕೊಳ್ಳುತ್ತಾನೆಯೇ? ಒಂದೆರಡು ಸಲ ಮಾಡಿಕೊಳ್ಳುತ್ತಾನೆ, ಮಕ್ಕಳೆಂದ ಮೇಲೆ ಅದೂ ಇರಬೇಕು. ದಿನಕ್ಕೆ ಹದಿನೈದು ನಿಮಿಷದ ಅಭ್ಯಾಸವನ್ನು ಮಾತ್ರ ಬಿಡಬೇಡಿ. ತಟ್ಟೆಯಲ್ಲಿ ರಾಗಿ ಹರಡಿ ಬೆರಳಿನಿಂದ ತಿದ್ದಿಸಿ, ತಿದ್ದುವಾಗ ಸದ್ದನ್ನು ಬಾಯಿಬಿಟ್ಟು ಹೇಳಿಸಿ. ವಾರಕ್ಕೆ ಎರಡೇ ಒತ್ತಕ್ಷರ ಸಾಕು. ಅಜ್ಜಿಯ ಕಥೆಯನ್ನು ನಿಲ್ಲಿಸಲೇಬೇಡಿ. ಅವನ ಶಬ್ದಭಂಡಾರ ತುಂಬುತ್ತಿರುವುದು ಅಲ್ಲಿಂದ.

*ನಾನು ಒಂಬತ್ತನೇ ತರಗತಿ. ಡಿಸ್ಲೆಕ್ಸಿಯ ಮತ್ತು ಡಿಸ್ಗ್ರಾಫಿಯ (ಬರೆಯುವುದರಲ್ಲಿ ತೊಡಕು) ಎರಡೂ ಇವೆ, ಪ್ರಮಾಣಪತ್ರ ಇದೆ. ಎಸ್‌ಎಸ್‌ಎಲ್‌ಸಿಗೆ ನಾನು ಹೇಳಿದ್ದನ್ನು ಬರೆಯುವ ಲಿಪಿಕಾರರನ್ನು ಕೊಡಿಸುತ್ತೇವೆ ಎನ್ನುತ್ತಾರೆ. ನನಗೆ ಬೇಡ. ಗೆಳೆಯರು ಈಗಲೇ ‘ಪುಕ್ಕಟೆ ಅಂಕ’ ಎಂದು ಆಡಿಕೊಳ್ಳುತ್ತಾರೆ. ತಂಗಿ ಐದನೇ ತರಗತಿ, ಅವಳು ನನಗಿಂತ ವೇಗವಾಗಿ ಓದುತ್ತಾಳೆ. ಏನು ಮಾಡಲಿ?*
– ವಿದ್ಯಾರ್ಥಿ, ಹುಬ್ಬಳ್ಳಿ

ನಿನ್ನ ಪತ್ರ ಓದಿ ಮೊದಲು ಒಂದು ಸಂತೋಷವಾಯಿತು. ನಿನಗೇನಿದೆ ಎಂದು ಹೆಸರು ಹಿಡಿದು ಬರೆದಿದ್ದೀಯೆ. ನನ್ನ ನೀರಿನ ಹುಡುಗನಿಗೆ ಆ ಅನುಕೂಲ ಇರಲಿಲ್ಲ. 1995ರ ಅಂಗವಿಕಲರ ಕಾಯಿದೆಯ ಪಟ್ಟಿಯಲ್ಲಿ ನಿಮ್ಮಂಥ ಮಕ್ಕಳು ಇರಲೇ ಇಲ್ಲ. 2016ರ ಕಾಯಿದೆ ಬಂದ ಮೇಲೆ ಪಟ್ಟಿ 21ಕ್ಕೆ ಬೆಳೆಯಿತು, ಅದರಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಸೇರಿತು. ‘ನ್ಯೂನತೆ’ ಎಂಬ ಪದ ನನಗೇನೂ ಪ್ರಿಯವಲ್ಲ. ಆದರೆ ಕಚೇರಿಯ ಬಾಗಿಲು ತೆರೆಯುವುದು ಆ ಪದಕ್ಕೇ. ಆದ್ದರಿಂದ ಇಟ್ಟುಕೊಂಡಿರು.

ಲಿಪಿಕಾರ ಉತ್ತರ ಹೇಳಿಕೊಡುವವನಲ್ಲ. ಸಾಮಾನ್ಯವಾಗಿ ನಿನಗಿಂತ ಕೆಳಗಿನ ತರಗತಿಯವನು. ನೀನು ಹೇಳಿದ್ದನ್ನು ಬರೆಯುತ್ತಾನೆ, ಹೇಳದಿದ್ದರೆ ಹಾಳೆ ಖಾಲಿ. ಆಡಿಕೊಳ್ಳುವವರಿಗೆ ‘ಉತ್ತರ ನನ್ನದು, ಅಕ್ಷರ ಮಾತ್ರ ಅವನದು’ ಎಂದು ಹೇಳಿ ಎದ್ದು ಹೋಗು. ವಿವರಿಸುತ್ತ ನಿಲ್ಲಬೇಡ. ಎಲ್ಲರಿಗೂ ತಿಳಿಸಬೇಕಾದ ಋಣ ನಿನ್ನ ಮೇಲಿಲ್ಲ. ಒಬ್ಬ ಗೆಳೆಯನಿಗೆ ಮಾತ್ರ ಪೂರ್ತಿ ಹೇಳು, ಬಾಯಿ ಭದ್ರವಾಗಿರುವವನಿಗೆ.

ಇಷ್ಟಾಗಿಯೂ ನಿನಗೆ ಲಿಪಿಕಾರ ಬೇಡ ಎನ್ನಿಸಿದರೆ ಹೆಚ್ಚುವರಿ ಸಮಯವನ್ನಾದರೂ ಕೇಳು. ಕೇಂದ್ರದ ಮಾರ್ಗಸೂಚಿಯಲ್ಲಿರುವುದು ಗಂಟೆಗೆ ಕನಿಷ್ಠ 20 ನಿಮಿಷ, ಅಂದರೆ ಮೂರು ಗಂಟೆಯ ಪರೀಕ್ಷೆಗೆ ಒಂದು ಗಂಟೆ. ಆದರೆ ತೀರ್ಮಾನಿಸುವ ಮೊದಲು ಎರಡನ್ನೂ ಮಾಡಿ ನೋಡು. ಇತಿಹಾಸದ ಒಂದೇ ಪ್ರಶ್ನೆಗೆ ಒಮ್ಮೆ ನೀನೇ ಬರೆ, ಒಮ್ಮೆ ತಂಗಿಗೆ ಹೇಳಿ ಬರೆಸು. ಎರಡನ್ನೂ ಮೇಷ್ಟರಿಂದ ತಿದ್ದಿಸು. ಹೇಳಿ ಬರೆಸುವುದು ಸುಲಭವಲ್ಲ ಎಂದು ಆಗ ತಿಳಿಯುತ್ತದೆ. ಎಲ್ಲಿ ನಿಲ್ಲಬೇಕು, ಎಲ್ಲಿ ಹೊಸ ಪ್ಯಾರಾ ಎಂದೆಲ್ಲ ತಲೆಯಲ್ಲಿರಬೇಕು. ಆರೇಳು ತಿಂಗಳು ರೂಢಿ ಬೇಕು. ತಂಗಿಯ ವೇಗವೂ ಒಂದು ಕೆಲಸಕ್ಕೆ ಬಂದಂತಾಯಿತು. ಪ್ರತಿಯಾಗಿ ಅವಳಿಗೆ ಏನಾದರೂ ಮಾಡಿಕೊಡು, ಸೈಕಲ್ ಪಂಕ್ಚರ್ ಹಾಕುವುದಾದರೂ ಸರಿ.

ಪಠ್ಯವನ್ನು ಮೊಬೈಲ್ ಕನ್ನಡದಲ್ಲೇ ಓದಿ ಹೇಳುವ ಸೌಲಭ್ಯ ಈಗಿದೆ. ಕಿವಿಯಲ್ಲಿ ಕೇಳುತ್ತ ಬೆರಳನ್ನು ಸಾಲಿನ ಮೇಲೆ ಓಡಿಸು. ಪ್ರಮಾಣಪತ್ರ ಚಿಕ್ಕವನಿದ್ದಾಗ ಮಾಡಿಸಿದ್ದಾದರೆ ಈಗಲೂ ನಡೆಯುತ್ತದೆಯೇ ಎಂದು ಮುಖ್ಯೋಪಾಧ್ಯಾಯರನ್ನು ಕೇಳು. ಅರ್ಜಿ ಶಾಲೆಯ ಮೂಲಕವೇ ಹೋಗಬೇಕು. ಹತ್ತನೇ ತರಗತಿಯ ಜೂನ್‌ನಲ್ಲೇ ಕೇಳು. ಜನವರಿಯಲ್ಲಿ ಕೇಳಿದರೆ ಎಲ್ಲರೂ ‘ಮೊದಲೇ ಹೇಳಬಾರದಿತ್ತೇ’ ಎನ್ನುತ್ತಾರೆ. ಅಪ್ಪ ಕೇಳುವುದಕ್ಕಿಂತ ನೀನೇ ಹೋಗಿ ಕೇಳಿದರೆ ಒಳ್ಳೆಯದು. ಮುಂದೆ ಕಾಲೇಜಿನಲ್ಲಿ ನಿನ್ನ ಪರವಾಗಿ ಕೇಳಲು ಅಪ್ಪ ಬರುವುದಿಲ್ಲ.

*ಮೊಮ್ಮಗಳಿಗೆ ಡಿಸ್ಲೆಕ್ಸಿಯ ಇದೆ. ಬಣ್ಣದ ಗಾಜಿನ ಕನ್ನಡಕ, ಜೊತೆಗೆ ನಲವತ್ತು ದಿನ ಕಣ್ಣಿನ ವ್ಯಾಯಾಮ ಮಾಡಿಸಿದರೆ ಪೂರ್ಣ ಗುಣವಾಗುತ್ತದೆ ಎಂದು ಒಬ್ಬರು ಹೇಳುತ್ತಿದ್ದಾರೆ. ಮೂವತ್ತು ಸಾವಿರ ರೂಪಾಯಿ. ಕೊಡಿಸಲೇ?*
– ನಿವೃತ್ತ ನೌಕರರು, ದಾವಣಗೆರೆ

ಬೇಡ ಸ್ವಾಮಿ. ಕಣ್ಣನ್ನೂ ಕಿವಿಯನ್ನೂ ವೈದ್ಯರಲ್ಲಿ ಒಮ್ಮೆ ಪರೀಕ್ಷೆ ಮಾಡಿಸಿ, ಅದು ಬೇಕು. ಆದರೆ ಡಿಸ್ಲೆಕ್ಸಿಯ ಇರುವುದು ಕಣ್ಣಿನಲ್ಲಲ್ಲ. 1880ರ ದಶಕದಲ್ಲಿ ಆ ಹೆಸರು ಕೊಟ್ಟ ಜರ್ಮನಿಯ ರುಡಾಲ್ಫ್ ಬರ್ಲಿನ್ ಕಣ್ಣಿನ ವೈದ್ಯರೇ ಆಗಿದ್ದರು, ತಮಾಷೆ ನೋಡಿ. ಬಣ್ಣದ ಗಾಜು, ಕಣ್ಣಿನ ವ್ಯಾಯಾಮಗಳಿಗೆ ವೈಜ್ಞಾನಿಕ ಆಧಾರವಿಲ್ಲ ಎಂದು ಅಮೆರಿಕದ ಮಕ್ಕಳ ವೈದ್ಯರ ಮತ್ತು ಕಣ್ಣಿನ ವೈದ್ಯರ ಸಂಘಗಳು 2009ರಲ್ಲಿ ಜಂಟಿಯಾಗಿಯೇ ಹೇಳಿವೆ. ‘ಪೂರ್ಣ ಗುಣ’ ಎಂಬ ಮಾತು ಎಲ್ಲಿ ಕೇಳಿದರೂ ಚಪ್ಪಲಿ ಹಾಕಿಕೊಂಡು ಹೊರಡಿ. ಆ ಮೂವತ್ತು ಸಾವಿರದಲ್ಲಿ ಒಬ್ಬ ವಿಶೇಷ ಶಿಕ್ಷಕರಿಂದ ಎಷ್ಟೋ ತಿಂಗಳು ಪಾಠ ಹೇಳಿಸಬಹುದು. ಸಲಹೆಗೆ ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯ ಸಂಸ್ಥೆಗಳು, ಮೈಸೂರಿನ ವಾಕ್ ಶ್ರವಣ ಸಂಸ್ಥೆ ಇವೆ. ಸರ್ಕಾರಿ ಶಾಲೆಯ ಮಗುವಾದರೆ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ, ವಿಶೇಷ ಅಗತ್ಯದ ಮಕ್ಕಳಿಗಾಗಿ ಇರುವ ಬಿಐಇಆರ್‌ಟಿ ಶಿಕ್ಷಕರನ್ನು ವಿಚಾರಿಸಿ.

*ನಾನು ಎಲೆಕ್ಟ್ರಿಷಿಯನ್. ಮಗಳು ಆರನೇ ತರಗತಿ. ಅವಳಿಗೆ ಕಲಿಕಾ ನ್ಯೂನತೆ ಎಂದು ಹೇಳಿದಾಗ ಅವರು ಹೇಳಿದ ಒಂದೊಂದು ಲಕ್ಷಣವೂ ನನ್ನದೇ. ನಾನು ಏಳನೇ ತರಗತಿಗೆ ಶಾಲೆ ಬಿಟ್ಟವನು. ಬ್ಯಾಂಕಿನಲ್ಲಿ ಅರ್ಜಿ ಕೊಟ್ಟರೆ ಇವತ್ತಿಗೂ ‘ಕನ್ನಡಕ ಮರೆತು ಬಂದೆ, ತುಂಬಿಕೊಡಿ’ ಎನ್ನುತ್ತೇನೆ. ನನಗೆ ಕನ್ನಡಕವೇ ಇಲ್ಲ. ಈ ಪತ್ರವನ್ನೂ ಹೆಂಡತಿ ಬರೆಯುತ್ತಿದ್ದಾಳೆ. ಮಗಳ ಮುಂದೆ ಇದನ್ನು ಹೇಳಿದರೆ ಅವಳಿಗೆ ನನ್ನ ಮೇಲಿನ ಗೌರವ ಹೋಗುವುದಿಲ್ಲವೇ?*
– ಒಬ್ಬ ತಂದೆ, ಶಿರಸಿ

ಇದು ಕುಟುಂಬಗಳಲ್ಲಿ ಇಳಿದು ಬರುವುದು ಸಾಮಾನ್ಯ. ಹಾಗೆಂದು ನಿಮ್ಮಿಂದ ಬಂತು ಎಂದು ತಪ್ಪು ಹೊತ್ತುಕೊಳ್ಳಬೇಡಿ. ಮೂಗು ಅಪ್ಪನ ಹಾಗಿದ್ದರೆ ಅಪ್ಪನ ತಪ್ಪೇ?

ಗೌರವದ ಮಾತು ಕೇಳಿದ್ದೀರಿ. ಮಗಳು ದಿನವೂ ಏನು ನೋಡುತ್ತಾಳೆ? ಮಳೆಗಾಲದಲ್ಲಿ ಊರೆಲ್ಲ ಕತ್ತಲಾದರೆ ಜನ ನಿಮ್ಮ ಮನೆಯ ಬಾಗಿಲಿಗೆ ಬರುತ್ತಾರೆ. ಮೂರು ಫೇಸಿನ ವೈರಿಂಗ್ ನಿಮ್ಮ ತಲೆಯಲ್ಲಿ ನಕ್ಷೆಯ ಹಾಗೆ ಇರುತ್ತದೆ. ಅವಳಿಗೆ ಕಾಣದಿರುವುದು ಒಂದೇ, ನೀವು ಪಟ್ಟ ಪಾಡು. ಓದಲಾಗದೆ ಒದ್ದಾಡುವವಳು ಮನೆಯಲ್ಲಿ ತಾನೊಬ್ಬಳೇ ಎಂದು ಅವಳು ತಿಳಿದಿದ್ದಾಳೆ. ತರಗತಿಯ ನಗೆಗಿಂತ ಆ ಒಂಟಿತನ ಕೆಟ್ಟದ್ದು.

ರಾತ್ರಿ ಊಟವಾದ ಮೇಲೆ ಅವಳ ಎರಡನೇ ತರಗತಿಯ ಹಳೆಯ ಪಠ್ಯಪುಸ್ತಕ ತೆಗೆದುಕೊಂಡು ಪಕ್ಕದಲ್ಲಿ ಕುಳಿತುಕೊಳ್ಳಿ. ಒಂದು ಸಾಲು ಅವಳು, ಒಂದು ಸಾಲು ನೀವು. ಬೆರಳಿಟ್ಟು ಓದಿ, ತಡವರಿಸಿ, ಅವಳು ತಿದ್ದಿದರೆ ತಿದ್ದಿಸಿಕೊಳ್ಳಿ. ಹೆಂಡತಿ ಆ ಹೊತ್ತಿನಲ್ಲಿ ಬಂದು ಸಹಾಯ ಮಾಡದಿರಲಿ. ಮೊದಲ ದಿನ ಅರ್ಧ ಪುಟಕ್ಕೇ ಮುಗಿಸಿ. ಪುಸ್ತಕ ಮುಚ್ಚಿದ ಮೇಲೆ ಬ್ಯಾಂಕಿನ ಕನ್ನಡಕದ ವಿಷಯ ಹೇಳಿ. ಅವಳು ನಗುತ್ತಾಳೆ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, ತರಗತಿಯಲ್ಲಿ ತಾನು ಏನು ನೆಪ ಹೇಳುತ್ತೇನೆ ಎಂದು ಅವಳೂ ಹೇಳುತ್ತಾಳೆ. ಅದು ‘ನೀರು ತರಲೇ, ಟೀಚರ್?’ ಆಗಿದ್ದರೆ ನನಗೊಂದು ಕಾರ್ಡು ಹಾಕಿ. ಈ ಸಲ ಅವಳೇ ಬರೆಯಲಿ, ತಪ್ಪಿದ್ದರೂ ತಿದ್ದದೆ ಕಳುಹಿಸಿ.