ರೊಟ್ಟಿ ಬಿಟ್ಟರೆ ತೂಕ ಇಳಿಯುತ್ತಾ?

ಹುಬ್ಬಳ್ಳಿಯಲ್ಲಿದ್ದೇನೆ, ಎರಡು ಹೆರಿಗೆ ಆದ ಮೇಲೆ 78 ಕೆಜಿ ಆಗಿದ್ದೇನೆ, ರೊಟ್ಟಿ ಪೂರ್ತಿ ಬಿಟ್ಟು ಬರೀ ಹಣ್ಣು ತಿಂದರೆ ಇಳಿಯುತ್ತಾ, ಜಿಮ್‌ಗೆ ಹೋಗಲೇಬೇಕಾ ಅಂತ ಕೇಳಿದ್ದೀರಿ.

ರೊಟ್ಟಿ ಬಿಡಬೇಡಿ ತಂಗಿ. ನಾನು ಬಿಟ್ಟು ನೋಡಿದ್ದೇನೆ. ಧಾರವಾಡದಲ್ಲಿ ಮನೆಯಲ್ಲೇ ಬಟ್ಟೆ ಹೊಲಿಯುತ್ತೇನೆ, ದಿನವಿಡೀ ಮಷಿನ್ ಮುಂದೆ ಕೂಡುವ ಕೆಲಸ. 81 ಕೆಜಿ ಆದಾಗ ಗಾಬರಿಯಾಗಿ ಮಧ್ಯಾಹ್ನ ಹಣ್ಣು, ರಾತ್ರಿ ಉಪವಾಸ ಅಂತ ಶುರು ಮಾಡಿದೆ. ಒಂದೇ ತಿಂಗಳಲ್ಲಿ 5 ಕೆಜಿ ಇಳಿಯಿತು. ಜೊತೆಗೇ ಸುಸ್ತು, ಸಿಟ್ಟು, ಕೂದಲು ಉದುರುವುದು. ದೀಪಾವಳಿ ಹೊತ್ತಿಗೆ ಇಳಿದದ್ದೆಲ್ಲ ವಾಪಸ್ ಬಂತು. ತಿಂಗಳುಗಟ್ಟಲೆ ಹಸಿದುಕೊಂಡು ಇರೋಕೆ ಯಾರಿಂದಲೂ ಆಗಲ್ಲ.

ಎರಡನೇ ಸಲ ಊಟ ಬಿಡಲಿಲ್ಲ, ಎಣ್ಣೆ ಲೆಕ್ಕ ಹಾಕಿದೆ. ನಾವು ನಾಲ್ಕು ಜನ, ತಿಂಗಳಿಗೆ 5 ಲೀಟರ್ ಹೋಗುತ್ತಿತ್ತು. ಅಂದರೆ ಒಬ್ಬೊಬ್ಬರಿಗೆ ದಿನಕ್ಕೆ 40 ಮಿಲಿಗಿಂತ ಜಾಸ್ತಿ, ಬರೀ ಎಣ್ಣೆಯಿಂದಲೇ ಸುಮಾರು 340 ಕ್ಯಾಲರಿ. ಹಿಟ್ಟಿನಲ್ಲಿ ಗ್ರಾಂಗೆ ಸುಮಾರು ಮೂರೂವರೆ ಕ್ಯಾಲರಿ ಇದ್ದರೆ ಎಣ್ಣೆಯಲ್ಲಿ 9. ಡಬ್ಬಿಯಿಂದ ನೇರವಾಗಿ ಸುರಿಯುವುದು ನಿಲ್ಲಿಸಿ ಚಮಚದಲ್ಲಿ ಅಳೆದು ಹಾಕತೊಡಗಿದೆ. ಎಣ್ಣೆಗಾಯಿ ವಾರಕ್ಕೊಮ್ಮೆ ಆಯಿತು, ಉಳಿದ ದಿನ ಮಡಕಿಕಾಳು, ಹೆಸರುಕಾಳು, ಪುಂಡಿ, ಮೆಂತ್ಯೆ ಪಲ್ಯ. ಈಗ ಎರಡೂವರೆ ಲೀಟರ್‌ನಲ್ಲಿ ತಿಂಗಳು ಮುಗಿಯುತ್ತದೆ. ನನ್ನ ಪಾಲಿಗೆ ದಿನಕ್ಕೆ 170 ಕ್ಯಾಲರಿ ಕಡಿಮೆಯಾಯಿತು. ಅಷ್ಟನ್ನು ಕರಗಿಸೋಕೆ ನಮ್ಮ ತೂಕದವರು 40 ನಿಮಿಷ ನಡೆಯಬೇಕು!

ಆಮೇಲೆ ಚಹಾ. ಗಿರಾಕಿ ಬಂದಾಗಲೆಲ್ಲ ಒಂದು ಕಪ್ಪು, ದಿನಕ್ಕೆ ಐದು, ಒಂದೊಂದಕ್ಕೆ ಎರಡು ಚಮಚ ಸಕ್ಕರೆ. ಲೆಕ್ಕ ಹಾಕಿದರೆ 40ರಿಂದ 50 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 25 ಗ್ರಾಂ ಒಳಗಿದ್ದರೆ ಒಳ್ಳೆಯದು ಅನ್ನುತ್ತದೆ. ಈಗ ಎರಡೇ ಕಪ್ಪು, ಅರ್ಧ ಚಮಚ. ಸಂಜೆಯ ಮಿರ್ಚಿ, ಗಿರ್ಮಿಟ್ ರವಿವಾರಕ್ಕೆ ಮಾತ್ರ. ಮೂರು ರೊಟ್ಟಿ ಎರಡಾದವು, ಕಾಳಿನ ಪಲ್ಯ ಎರಡು ಪಾಲಾಯಿತು, ಜೊತೆಗೆ ಹಸಿ ಸೌತೆಕಾಯಿ, ಮಜ್ಜಿಗೆ. ಹೊಟ್ಟೆ ತುಂಬುತ್ತದೆ ನೋಡಿ, ಅದೇ ಮುಖ್ಯ. ಶೇಂಗಾ ಚಟ್ನಿಯಲ್ಲಿ ಮಾತ್ರ ಹುಷಾರು. ಪ್ರೋಟೀನ್ ಇದೆ ನಿಜ, ಆದರೆ 100 ಗ್ರಾಂ ಶೇಂಗಾದಲ್ಲಿ 560 ಕ್ಯಾಲರಿಗೂ ಜಾಸ್ತಿ ಇರುತ್ತದೆ. ಒಂದು ಚಮಚ ಸಾಕು.

ಜಿಮ್ ಬೇಕೇ ಬೇಕು ಅಂತಿಲ್ಲ. ವಾರಕ್ಕೆ 150 ನಿಮಿಷ ಚುರುಕಾಗಿ ನಡೆಯುವುದರಿಂದ ಶುರು ಮಾಡಿ. ನಾನು ಮುಂಜಾನೆ ಕರ್ನಾಟಕ ವಿಶ್ವವಿದ್ಯಾಲಯದ ಕಡೆ ಹೋಗುತ್ತೇನೆ, ಏರು ಹತ್ತುವಾಗ ಉಸಿರು ಬಿಗಿಯಾಗುತ್ತದೆ. ನಿಮಗೆ ಉಣಕಲ್ ಕೆರೆ ಇದೆ, ನೃಪತುಂಗ ಬೆಟ್ಟ ಇದೆ. ಮೊದಲ ತಿಂಗಳು ಕೆರೆಯೇ ಸಾಕು, ಮೊಣಕಾಲು ಒಗ್ಗಿದ ಮೇಲೆ ಬೆಟ್ಟ ಹತ್ತಿ. ವಾರಕ್ಕೆ ಎರಡು ದಿನ ಕುರ್ಚಿಯಿಂದ ಕೈ ಊರದೆ ಎದ್ದು ಕೂಡುವುದು, ನೀರು ತುಂಬಿದ ಬಾಟಲಿ ಎತ್ತುವುದು ಮಾಡಿ. ಬರೀ ಊಟ ಕಡಿಮೆ ಮಾಡಿದರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ಮಳೆಗಾಲದ ಜಿಟಿಜಿಟಿಯಲ್ಲಿ ನಾನು ಮನೆಯ ಮೆಟ್ಟಿಲನ್ನೇ ಹತ್ತಿ ಇಳಿಯುತ್ತೇನೆ.

14 ತಿಂಗಳಿಗೆ 69 ಕೆಜಿಗೆ ಬಂದೆ. ನಡುವೆ ಎರಡು ತಿಂಗಳು ಮುಳ್ಳು ಅಲ್ಲಾಡಲೇ ಇಲ್ಲ, ಅಳು ಬರುತ್ತಿತ್ತು. ಆದರೆ ಆಗಲೂ ಸೊಂಟದ ಸುತ್ತಳತೆ ಇಳಿದಿತ್ತು, ಟೇಪು ಕೈಯಲ್ಲೇ ಇರುತ್ತದಲ್ವಾ, ಅದರಿಂದ ಗೊತ್ತಾಯಿತು. ನೀವೂ ಟೇಪು ಇಟ್ಟುಕೊಳ್ಳಿ. ನಮ್ಮ ದೇಶದ ಹೆಂಗಸರಿಗೆ 80 ಸೆಂಟಿಮೀಟರ್ ಒಳಗಿರಬೇಕು ಅನ್ನುತ್ತಾರೆ.

ಸಣ್ಣ ಮಗು ಇನ್ನೂ ಎದೆಹಾಲು ಕುಡಿಯುತ್ತಿದ್ದರೆ ಡಾಕ್ಟರನ್ನು ಕೇಳದೆ ಊಟ ಕಡಿಮೆ ಮಾಡಬೇಡಿ. ಥೈರಾಯ್ಡ್ ಒಮ್ಮೆ ಪರೀಕ್ಷೆ ಮಾಡಿಸಿ. ಪಂಚಮಿಗೆ ಉಂಡಿ ತಿನ್ನಿ, ದಿನಕ್ಕೊಂದು. ನಾನೂ ತಿಂದೆ.

ಹೊಸ ಎಣ್ಣೆ ಡಬ್ಬಿ ತೆರೆದ ದಿನ ಅದರ ಮೇಲೆ ತಾರೀಕು ಬರೆದಿಡಿ. ಎಷ್ಟು ದಿನಕ್ಕೆ ಖಾಲಿಯಾಯಿತು ಅಂತ ನನಗೂ ತಿಳಿಸಿ.