ಹೂಡಿಕೆದಾರರೊಡನೆ ಅರ್ಧ ಗಂಟೆ ಸಿಕ್ಕರೆ ವೃತ್ತಿ ಮತ್ತು ಕಾರ್ಯತಂತ್ರದ ಬಗ್ಗೆ ಏನು ಕೇಳಬೇಕು?

ನಿಮ್ಮ ಪ್ರಶ್ನೆಯನ್ನು ನಾನು ಹೀಗೆ ಅರ್ಥ ಮಾಡಿಕೊಂಡಿದ್ದೇನೆ. ತಂತ್ರಾಂಶ ಕಂಪನಿಯೊಂದರ ಕಾರ್ಯತಂತ್ರ ವಿಭಾಗದಲ್ಲಿ ಆರು ವರ್ಷ ದುಡಿದಿದ್ದೀರಿ, ಈಗ ಹೂಡಿಕೆಯ ಕಡೆಗೆ ಹೊರಳುವ ಆಸೆಯಿದೆ. ಪರಿಚಿತರೊಬ್ಬರ ಮೂಲಕ ಒಂದು ವೆಂಚರ್ ಕ್ಯಾಪಿಟಲ್ ನಿಧಿಯನ್ನು (ಇತರರ ಹಣವನ್ನು ಹೊಸ ಕಂಪನಿಗಳಲ್ಲಿ ಹೂಡುವ ನಿಧಿ) ನಡೆಸುವ ಪಾಲುದಾರರೂ ಒಂದು ಪಿಂಚಣಿ ನಿಧಿಯ ಹೂಡಿಕೆ ಅಧಿಕಾರಿಯೂ ತಲಾ ಅರ್ಧ ಗಂಟೆ ಮಾತನಾಡಲು ಒಪ್ಪಿದ್ದಾರೆ. ಅವರ ವೃತ್ತಿಯ ಬಗ್ಗೆ ಏನು ಕೇಳಬೇಕು, ಕಾರ್ಯತಂತ್ರದ ಬಗ್ಗೆ ಏನು ಕೇಳಬೇಕು, ಬಂದ ಉತ್ತರದಲ್ಲಿ ಎಷ್ಟನ್ನು ನಂಬಬೇಕು ಎಂಬುದು ನಿಮ್ಮ ಗೊಂದಲ.

ನಾನು ಎರಡು ವರ್ಷ ವೆಂಚರ್ ನಿಧಿಯೊಂದರಲ್ಲಿ ವಿಶ್ಲೇಷಕನಾಗಿದ್ದು, ಆಮೇಲಿನ ಹನ್ನೊಂದು ವರ್ಷಗಳನ್ನು ಇಂಥ ನಿಧಿಗಳಿಗೆ ಹಣ ಕೊಡುವ ಸಂಸ್ಥೆಯಲ್ಲಿ ಕಳೆದವನು. ಮೇಜಿನ ಎರಡೂ ಬದಿಯಲ್ಲಿ ಕುಳಿತ ಅನುಭವದಿಂದ ಹೇಳುವುದಾದರೆ, ವೃತ್ತಿ ಬೇರೆ, ಕಾರ್ಯತಂತ್ರ ಬೇರೆ ಎಂದು ಪ್ರಶ್ನೆಯನ್ನು ಎರಡಾಗಿ ಸೀಳಿಕೊಂಡಿರುವುದೇ ನಿಮ್ಮ ಮೊದಲ ತೊಡಕು. ಈ ಕ್ಷೇತ್ರದಲ್ಲಿ ಎರಡನ್ನೂ ನಡೆಸುವುದು ಒಂದೇ ಗಡಿಯಾರ. ಹಣ ಯಾರದ್ದು, ಅದನ್ನು ಯಾವಾಗ ಹಿಂದಿರುಗಿಸಬೇಕು ಎಂಬೆರಡು ಸಂಗತಿಗಳು ಗೊತ್ತಾದರೆ, ಎದುರಿಗಿರುವವರು ಯಾವ ಕಂಪನಿಯನ್ನು ಒಪ್ಪುತ್ತಾರೆ, ಯಾವುದನ್ನು ಬಿಡುತ್ತಾರೆ, ಹತ್ತು ವರ್ಷ ಒಂದೇ ಕಡೆ ಏಕೆ ಉಳಿಯುತ್ತಾರೆ ಅಥವಾ ಏಕೆ ಉಳಿಯುವುದಿಲ್ಲ ಎಂಬುದರಲ್ಲಿ ಹೆಚ್ಚಿನ ಪಾಲು ತಾನಾಗಿಯೇ ಬಿಡಿಸಿಕೊಳ್ಳುತ್ತದೆ.

ವೆಂಚರ್ ನಿಧಿಯೊಂದರ ಸಾಮಾನ್ಯ ಅವಧಿ ಹತ್ತು ವರ್ಷ. ಮೊದಲ ನಾಲ್ಕೈದು ವರ್ಷಗಳಲ್ಲಿ ಹೊಸ ಕಂಪನಿಗಳಿಗೆ ಹಣ ಹಾಕುತ್ತಾರೆ. ಉಳಿದ ವರ್ಷಗಳಲ್ಲಿ ಅವುಗಳ ಬೆನ್ನಿಗೆ ನಿಂತು, ಮಾರಿ, ಬಂದ ಹಣವನ್ನು ಹಂಚುತ್ತಾರೆ. ಹಣದ ಬಹುಪಾಲು ಪಿಂಚಣಿ ನಿಧಿ, ವಿಮಾ ಕಂಪನಿ, ವಿಶ್ವವಿದ್ಯಾಲಯದ ದತ್ತಿನಿಧಿಗಳಂಥ ಸಂಸ್ಥೆಗಳದ್ದು. ನಿಧಿ ನಡೆಸುವವರಿಗೆ ವರ್ಷಕ್ಕೆ ಶೇ. 2ರಷ್ಟು ನಿರ್ವಹಣಾ ಶುಲ್ಕ, ಲಾಭದಲ್ಲಿ ಶೇ. 20ರಷ್ಟು ಪಾಲು ಎಂಬುದು ಬಹುಕಾಲದಿಂದ ನಡೆದುಬಂದಿರುವ ವಾಡಿಕೆ. ಈ ಪಾಲನ್ನು ಆ ವಲಯದಲ್ಲಿ ಚುಟುಕಾಗಿ ‘ಕ್ಯಾರಿ’ ಎನ್ನುತ್ತಾರೆ.

ಇಷ್ಟು ಎಲ್ಲರೂ ಹೇಳುತ್ತಾರೆ. ಆದರೆ ಕಾಗದ, ಪೆನ್ನು ಹಿಡಿದು ಲೆಕ್ಕ ಹಾಕಿ ನೋಡುವವರು ಕಡಿಮೆ. ಭೇಟಿಗೆ ಮುನ್ನ ನೀವು ಒಮ್ಮೆ ಹಾಕಿ ನೋಡಿ. 10 ಕೋಟಿ ಡಾಲರಿನ ನಿಧಿ ಎಂದಿಟ್ಟುಕೊಳ್ಳಿ. ಹಣ ಕೊಟ್ಟ ಸಂಸ್ಥೆಗಳಿಗೆ ಎಲ್ಲ ಕಳೆದು ಮೂರು ಪಟ್ಟು, ಅಂದರೆ 30 ಕೋಟಿ, ಕೈಸೇರಬೇಕು. ಲಾಭದ ಐದನೇ ಒಂದು ಪಾಲು ಪಾಲುದಾರರಿಗೆ ಹೋಗುವುದರಿಂದ ನಿಧಿಗೆ ಒಟ್ಟು 35 ಕೋಟಿ ಬರಬೇಕಾಗುತ್ತದೆ. ಕಂಪನಿಗಳು ಮಾರಾಟವಾಗುವ ಹೊತ್ತಿಗೆ ಪ್ರತಿಯೊಂದರಲ್ಲೂ ನಿಧಿಯ ಪಾಲು ಸರಾಸರಿ ಶೇ. 15 ಉಳಿದಿದ್ದರೆ, ಆ ಕಂಪನಿಗಳೆಲ್ಲದರ ಒಟ್ಟು ಮಾರಾಟ ಮೌಲ್ಯ ಸುಮಾರು 233 ಕೋಟಿ ಡಾಲರ್ ಆಗಬೇಕು. ಶುಲ್ಕ ಕಳೆದ ಮೇಲೆ ಹೂಡಲು ಉಳಿಯುವುದು 8 ಕೋಟಿಯ ಆಸುಪಾಸು ಮಾತ್ರ ಎಂಬುದನ್ನೂ, ಹೂಡಿದ ಕಂಪನಿಗಳಲ್ಲಿ ಹೆಚ್ಚಿನವು ಹಾಕಿದ ಹಣವನ್ನೂ ವಾಪಸು ತರುವುದಿಲ್ಲ ಎಂಬುದನ್ನೂ ಇದಕ್ಕೆ ಸೇರಿಸಿಕೊಳ್ಳಿ. ಹಾಗಾದರೆ ಒಂದೋ ಎರಡೋ ಕಂಪನಿಗಳು ಈ ಭಾರವನ್ನೆಲ್ಲ ಹೊರಬೇಕು. ಅಚ್ಚುಕಟ್ಟಾಗಿ ನಡೆಯುವ, ಲಾಭದಲ್ಲಿರುವ, 5 ಕೋಟಿ ಡಾಲರಿಗೆ ಮಾರಾಟವಾಗಬಲ್ಲ ಕಂಪನಿಯನ್ನು ಪಾಲುದಾರರು ಸೌಜನ್ಯದಿಂದ ಬೀಳ್ಕೊಡುವುದು ಅಹಂಕಾರದಿಂದಲ್ಲ, ಈ ಲೆಕ್ಕದಿಂದ. ನಿಧಿ 100 ಕೋಟಿಯದಾದರೆ ಈ ಮಟ್ಟವೂ ಹತ್ತು ಪಟ್ಟು ಮೇಲೇರುತ್ತದೆ. ಆದ್ದರಿಂದ ‘ನಿಮ್ಮ ತಂತ್ರವೇನು’ ಎಂದು ಕೇಳುವುದಕ್ಕಿಂತ ‘ನಿಮ್ಮ ಈಗಿನ ನಿಧಿಯ ಗಾತ್ರ ಹಿಂದಿನ ನಿಧಿಗಿಂತ ಏಕೆ ಹೆಚ್ಚಾಯಿತು, ಅದರಿಂದ ನೀವು ಒಪ್ಪುವ ಕಂಪನಿಗಳಲ್ಲಿ ಏನು ಬದಲಾಯಿತು’ ಎಂದು ಕೇಳುವುದು ಮೇಲು. ಮೊದಲ ಪ್ರಶ್ನೆಗೆ ಬಾಯಿಪಾಠದ ಉತ್ತರ ಸಿದ್ಧವಾಗಿರುತ್ತದೆ, ಎರಡನೆಯದಕ್ಕೆ ಇರುವುದಿಲ್ಲ.

ಗಡಿಯಾರ ಬೇರೆಯಾದರೆ ಹೂಡಿಕೆಯೂ ಬೇರೆಯಾಗುತ್ತದೆ ಎಂಬುದಕ್ಕೆ ಈ ಕ್ಷೇತ್ರದ ಬಹಳ ಹಳೆಯ ಉದಾಹರಣೆಯೊಂದನ್ನು ನೋಡಬಹುದು. ಜಾರ್ಜ್ ಡೋರಿಯೊ ಮುನ್ನಡೆಸಿದ, 1946ರಲ್ಲಿ ಸ್ಥಾಪನೆಯಾದ ಎಆರ್‌ಡಿ (ಅಮೆರಿಕನ್ ರಿಸರ್ಚ್ ಅಂಡ್ ಡೆವಲಪ್‌ಮೆಂಟ್) ಎಂಬ ಅಮೆರಿಕದ ಹೂಡಿಕೆ ಸಂಸ್ಥೆ 1957ರಲ್ಲಿ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ ಎಂಬ ಕಂಪ್ಯೂಟರ್ ಕಂಪನಿಯ ಬಹುಪಾಲು ಷೇರುಗಳಿಗೆ 70,000 ಡಾಲರ್ ಕೊಟ್ಟಿತು. 1968ರ ಹೊತ್ತಿಗೆ ಆ ಪಾಲಿನ ಬೆಲೆ 35 ಕೋಟಿ ಡಾಲರ್ ದಾಟಿತ್ತು. ಈ ಕಥೆಯನ್ನು ಎಲ್ಲರೂ ದೂರದೃಷ್ಟಿಯ ಕಥೆಯೆಂದು ಹೇಳುತ್ತಾರೆ. ನನಗೆ ಅದರಲ್ಲಿ ಕಾಣುವುದು ಹನ್ನೊಂದು ವರ್ಷ. ಎಆರ್‌ಡಿ ತಾನೇ ಷೇರುಪೇಟೆಯಲ್ಲಿದ್ದ ಕಂಪನಿಯಾದ್ದರಿಂದ ಹತ್ತನೇ ವರ್ಷಕ್ಕೆ ಬಾಗಿಲು ಹಾಕಿ ಹಣ ಹಂಚಬೇಕಾದ ಕಟ್ಟುಪಾಡು ಅದಕ್ಕಿರಲಿಲ್ಲ. ಇಂದಿನ ನಿಧಿಯ ಪಾಲುದಾರನಾಗಿದ್ದರೆ ಏಳನೆಯ ವರ್ಷಕ್ಕೇ ಹಣ ಕೊಟ್ಟವರ ಮುಖ ನೋಡಲು ಶುರುಮಾಡಿರುತ್ತಿದ್ದ.

ಈಗ ವೃತ್ತಿಗೆ ಬರೋಣ. ಬೇರೆ ಉದ್ಯೋಗಗಳಲ್ಲಿ ಮಾಡಿದ ತಪ್ಪು ಆರು ತಿಂಗಳಲ್ಲೋ ವರ್ಷದಲ್ಲೋ ಬೆಳಕಿಗೆ ಬರುತ್ತದೆ. ಇಲ್ಲಿ ತಾನು ಒಳ್ಳೆಯ ಹೂಡಿಕೆದಾರನೋ ಅಲ್ಲವೋ ಎಂಬುದು ಎಂಟರಿಂದ ಹತ್ತು ವರ್ಷಗಳ ತನಕ ಯಾರಿಗೂ, ಆತನಿಗೂ, ಖಚಿತವಾಗುವುದಿಲ್ಲ. ನಡುವಿನ ವರ್ಷಗಳಲ್ಲಿ ಕಾಗದದ ಮೇಲಿನ ಮೌಲ್ಯ ಏರುತ್ತಿರುತ್ತದೆ, ಆ ಏರಿಕೆಯ ಆಧಾರದ ಮೇಲೆ ಬಡ್ತಿ, ಹೆಸರು, ಮುಂದಿನ ನಿಧಿ ಎಲ್ಲವೂ ಬರುತ್ತವೆ. 2021ರಲ್ಲಿ ಹಾಗೆ ಮೇಲೇರಿದವರು ಬಹಳ ಮಂದಿ. 2022ರಲ್ಲಿ ಬಡ್ಡಿದರ ಏರಿ, ಹೊಸ ಕಂಪನಿಗಳು ಷೇರುಪೇಟೆಗೆ ಬರುವುದು ಹೆಚ್ಚುಕಡಿಮೆ ನಿಂತುಹೋದಾಗ, ಹಣ ಕೊಟ್ಟ ಸಂಸ್ಥೆಗಳು ಮೌಲ್ಯದ ಪಟ್ಟಿಯನ್ನು ಬದಿಗಿಟ್ಟು, ನಿಜವಾಗಿ ಕೈಗೆ ಬಂದ ನಗದೆಷ್ಟು ಎಂದು ಕೇಳತೊಡಗಿದವು.

ಈ ಪ್ರಶ್ನೆಯ ತೂಕ ನನಗೆ ಗೊತ್ತಾದದ್ದು ಬಹಳ ಮೊದಲೇ, ಅದೂ ಮುಖಭಂಗವಾಗಿ. ಹೊಸ ಕೆಲಸಕ್ಕೆ ಸೇರಿದ ಮೊದಲ ವರ್ಷ ನಾನೊಂದು ನಿಧಿಯ ಪಾಲುದಾರರನ್ನು ಕಾಣಲು ಹನ್ನೊಂದು ಪ್ರಶ್ನೆಗಳನ್ನು ಟೈಪ್ ಮಾಡಿಕೊಂಡು ಹೋಗಿದ್ದೆ. ಯಾವ ಕ್ಷೇತ್ರಗಳಲ್ಲಿ ಆಸಕ್ತಿ, ಸ್ಥಾಪಕರಲ್ಲಿ ಏನನ್ನು ನೋಡುತ್ತೀರಿ, ಮುಂದಿನ ಐದು ವರ್ಷ ಹೇಗಿರುತ್ತದೆ ಎಂಬಂಥವು. ಅವರು ಹನ್ನೊಂದಕ್ಕೂ ನಗುನಗುತ್ತ ಉತ್ತರಿಸಿದರು, ನಾನು ನಾಲ್ಕು ಪುಟ ಬರೆದುಕೊಂಡೆ. ವಾಪಸು ಬಂದಾಗ ನಮ್ಮ ಮುಖ್ಯಸ್ಥೆ ಆ ಪುಟಗಳನ್ನು ಮುಟ್ಟಲೂ ಇಲ್ಲ. ‘ಅವರ ಮೂರನೇ ನಿಧಿಯಿಂದ ನಗದು ಎಷ್ಟು ಹಿಂದಿರುಗಿದೆ, ಆ ನಿಧಿಯಲ್ಲಿದ್ದ ಪಾಲುದಾರರಲ್ಲಿ ಈಗ ಎಷ್ಟು ಜನ ಉಳಿದಿದ್ದಾರೆ?’ ಎಂದು ಕೇಳಿದರು. ಎರಡಕ್ಕೂ ನನ್ನಲ್ಲಿ ಉತ್ತರವಿರಲಿಲ್ಲ. ಮೊದಲನೆಯದು ತಂತ್ರದ ಪ್ರಶ್ನೆ, ಎರಡನೆಯದು ವೃತ್ತಿಯ ಪ್ರಶ್ನೆ ಎಂದು ಆಗ ಅಂದುಕೊಂಡೆ. ಮೂರನೇ ನಿಧಿಯಲ್ಲಿ ಲಾಭದ ಪಾಲು ಬರುವ ಸೂಚನೆಯೇ ಇಲ್ಲದ್ದರಿಂದ ಇಬ್ಬರು ಕಿರಿಯ ಪಾಲುದಾರರು ಬಿಟ್ಟುಹೋಗಿದ್ದರು ಎಂದು ಆಮೇಲೆ ತಿಳಿಯಿತು. ಎರಡೂ ಒಂದೇ ಪ್ರಶ್ನೆಯಾಗಿದ್ದವು.

ಅಭಿಪ್ರಾಯವನ್ನು ಕೇಳಬೇಡಿ, ಒಂದು ನಿರ್ಧಾರವನ್ನು ಕೇಳಿ ಎಂಬುದು ಅಂದಿನಿಂದ ನಾನು ಪಾಲಿಸಿಕೊಂಡು ಬಂದಿರುವ ಕ್ರಮ. ‘ಕಳೆದ ಎರಡು ವರ್ಷಗಳಲ್ಲಿ ಒಪ್ಪುವ ಹಂತಕ್ಕೆ ಬಂದು ಕೊನೆಗೆ ಬಿಟ್ಟ ಒಂದು ಕಂಪನಿಯ ಕಥೆಯನ್ನು, ಹೆಸರು ಹೇಳದೆಯೇ, ಹೇಳಬಹುದೇ?’ ಎಂದು ಕೇಳಿದರೆ, ಆ ನಿಧಿಯೊಳಗೆ ಯಾರ ಮಾತು ನಡೆಯುತ್ತದೆ, ಕಿರಿಯರು ತಂದ ಪ್ರಸ್ತಾವ ಎಲ್ಲಿಯವರೆಗೆ ಹೋಗುತ್ತದೆ, ಒಬ್ಬರು ಬೇಡವೆಂದರೆ ಸಾಕೇ, ಎಲ್ಲರೂ ಬೇಕೆನ್ನಬೇಕೇ ಎಂಬುದೆಲ್ಲ ಹೊರಬರುತ್ತದೆ. ನೀವು ಅಲ್ಲಿ ಕೆಲಸಕ್ಕೆ ಸೇರಿದರೆ ನಿಮ್ಮ ದಿನಗಳು ಹೇಗಿರುತ್ತವೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸುಳಿವು ಸಿಗುವುದಿಲ್ಲ. ಬಿಟ್ಟ ಕಂಪನಿಗಳ ಬಗ್ಗೆ ಕೇಳುವುದು ಅವಮರ್ಯಾದೆಯೇನೋ ಎಂಬ ಅಳುಕು ಬೇಡ. ಬೆಸ್ಸೆಮರ್ ಎಂಬ ಹಳೆಯ ವೆಂಚರ್ ಸಂಸ್ಥೆ ತಾನು ಕೈಬಿಟ್ಟ ಆಪಲ್, ಗೂಗಲ್‌ನಂಥ ಕಂಪನಿಗಳ ಪಟ್ಟಿಯನ್ನು ತಾನೇ ಪ್ರಕಟಿಸಿಕೊಂಡಿದೆ. ಫೆಡರಲ್ ಎಕ್ಸ್‌ಪ್ರೆಸ್ ಎಂಬ ಕೊರಿಯರ್ ಕಂಪನಿಯನ್ನು ಏಳು ಸಲ ನಿರಾಕರಿಸಿದ್ದಾಗಿ ಅದರಲ್ಲಿ ಒಪ್ಪಿಕೊಂಡಿದೆ. (ಗೆದ್ದವರು ಸೋಲನ್ನು ಪ್ರದರ್ಶಿಸುವುದು ಸುಲಭ ಎಂಬ ಆಕ್ಷೇಪ ನನಗೂ ಇದೆ, ಆದರೂ ಪಟ್ಟಿ ಉಪಯುಕ್ತ.)

ಕಂಪನಿಗಳನ್ನು ಆರಿಸುವ ಬಗ್ಗೆ ಮಾತನಾಡಲು ಪಾಲುದಾರರಿಗೆ ಇಷ್ಟ. ಆರಿಸಿದ ಮೇಲೆ ಸಮಯವನ್ನೂ ಮೀಸಲು ಹಣವನ್ನೂ ಹೇಗೆ ಹಂಚಿದರು ಎಂಬುದರ ಬಗ್ಗೆ ಅಷ್ಟು ಇಷ್ಟವಿಲ್ಲ, ಕಲಿಯುವುದು ಮಾತ್ರ ಅಲ್ಲಿಯೇ ಹೆಚ್ಚು. ಒಮ್ಮೆ ಇಪ್ಪತ್ತು ವರ್ಷ ಅನುಭವದ ಪಾಲುದಾರರೊಬ್ಬರಿಗೆ, ಎರಡನೆಯ ಸಲ ಯಾವ ಕಂಪನಿಗಳಿಗೆ ಹಣ ಹಾಕಿದಿರಿ, ಯಾವುದಕ್ಕೆ ಹಾಕಲಿಲ್ಲ ಎಂದು ಕೇಳಿದೆ. ಅವರು ನನ್ನ ನೋಟ್‌ಬುಕ್ಕನ್ನೇ ತಮ್ಮ ಕಡೆಗೆ ತಿರುಗಿಸಿಕೊಂಡು ಇಪ್ಪತ್ತನಾಲ್ಕು ಚೌಕಗಳನ್ನು ಸಾಲಾಗಿ ಬರೆದರು, ಒಂದೊಂದು ಕಂಪನಿಗೆ ಒಂದೊಂದು. ಮುಳುಗಿದವಕ್ಕೆ ಅಡ್ಡಗೆರೆ ಎಳೆಯುತ್ತ ಹೋದರು. ಹದಿನೇಳನೆಯ ಚೌಕದ ಮೇಲೆ ಪೆನ್ನು ನಿಂತಿತು. ‘ಇದನ್ನು ಉಳಿಸಲು ನಾಲ್ಕು ವರ್ಷ ಓಡಾಡಿದೆ. ಆ ಹೊತ್ತಿನಲ್ಲಿ ಮೂರನೆಯದರ ಆಡಳಿತ ಮಂಡಳಿಯ ಸಭೆಗಳಿಗೆ ನನ್ನ ಬದಲು ಕಿರಿಯರನ್ನು ಕಳಿಸುತ್ತಿದ್ದೆ. ಕೊನೆಗೆ ನಿಧಿಯನ್ನು ಎತ್ತಿದ್ದು ಮೂರನೆಯದೇ’ ಎಂದರು. ಆಮೇಲೆ ತುಸು ತಡೆದು, ಹಾಗೆ ಕಳಿಸಿದ ಆ ಕಿರಿಯ ಈಗ ಬೇರೆಡೆ ತನ್ನದೇ ನಿಧಿ ನಡೆಸುತ್ತಿದ್ದಾನೆ ಎಂದು ಸೇರಿಸಿದರು. ನಿಧಿಯ ತಂತ್ರ, ಅವರ ವೃತ್ತಿ, ಇನ್ನೊಬ್ಬನ ವೃತ್ತಿ, ಮೂರೂ ಆ ಒಂದೇ ಪುಟದಲ್ಲಿದ್ದವು.

ಈ ಕ್ಷೇತ್ರಕ್ಕೆ ಬರುವ ದಾರಿ ಯಾವುದು ಎಂದು ಕೇಳಿ ಸಮಯ ಕಳೆಯಬೇಡಿ, ಏಕೆಂದರೆ ನಿಗದಿತ ದಾರಿಯೇ ಇಲ್ಲ. 1972ರಲ್ಲಿ ಸೆಕೋಯಾ ಎಂಬ ವೆಂಚರ್ ಸಂಸ್ಥೆಯನ್ನು ಸ್ಥಾಪಿಸಿದ ಡಾನ್ ವ್ಯಾಲೆಂಟೈನ್ ಅರೆವಾಹಕ ಕಂಪನಿಗಳ ಮಾರಾಟ ವಿಭಾಗದಿಂದ ಬಂದವರು. ಅದೇ ಸಂಸ್ಥೆಯನ್ನು ಮುಂದೆ ನಡೆಸಿದ ಮೈಕೆಲ್ ಮೊರಿಟ್ಜ್ ‘ಟೈಮ್’ ಪತ್ರಿಕೆಯ ವರದಿಗಾರರಾಗಿದ್ದವರು. ಬದಲಿಗೆ, ನೀವು ಮಾತನಾಡುವ ಪಾಲುದಾರರಿಗೆ ಲಾಭದ ಪಾಲು ಯಾವ ವರ್ಷದಿಂದ ಸಿಗತೊಡಗಿತು, ಅವರ ಕೈಕೆಳಗಿನವರಿಗೆ ಅದು ಇದೆಯೇ, ಮಧ್ಯದಲ್ಲಿ ಬಿಟ್ಟುಹೋದರೆ ಏನಾಗುತ್ತದೆ ಎಂದು ನಯವಾಗಿ ಕೇಳಿ. ಮೊತ್ತವನ್ನು ಕೇಳಬಾರದು, ಕ್ರಮವನ್ನು ಕೇಳಬಹುದು. ಕೆಲವು ನಿಧಿಗಳಲ್ಲಿ ಒಂದೊಂದು ಮಾರಾಟವಾದಂತೆ ಪಾಲು ಸಿಗುತ್ತದೆ; ಇನ್ನು ಕೆಲವದರಲ್ಲಿ ಹಣ ಕೊಟ್ಟವರ ಅಸಲು ಪೂರ್ತಿ ತೀರಿದ ಮೇಲೆಯೇ. ಎರಡನೆಯ ಬಗೆಯಲ್ಲಿ, ಇಂದು ಸೇರುವ ನಿಮಗೆ ಮೊದಲ ಪಾಲು ಕಾಣುವಷ್ಟರಲ್ಲಿ ಎಂಟು ವರ್ಷ ಸರಿದಿರಬಹುದು.

ಪಿಂಚಣಿ ನಿಧಿಯ ಅಧಿಕಾರಿಯೊಡನೆ ಮಾತಿನ ಧಾಟಿಯೇ ಬೇರೆ. ಅವರು ಕಂಪನಿಗಳನ್ನು ಆರಿಸುವುದಿಲ್ಲ, ಆರಿಸುವವರನ್ನು ಆರಿಸುತ್ತಾರೆ. ಅಮೆರಿಕದ ಕಾರ್ಮಿಕ ಇಲಾಖೆ 1979ರಲ್ಲಿ ಪಿಂಚಣಿ ಹಣದ ನಿಯಮಗಳನ್ನು ಸ್ಪಷ್ಟಪಡಿಸಿ, ಒಟ್ಟು ಸಂಗ್ರಹದ ಭಾಗವಾಗಿ ಇಂಥ ಅಪಾಯದ ಹೂಡಿಕೆಯೂ ವಿವೇಕಯುತವಾಗಿರಬಹುದು ಎಂದ ಮೇಲೆಯೇ ವೆಂಚರ್ ನಿಧಿಗಳಿಗೆ ಈ ಹಣ ದೊಡ್ಡ ಪ್ರಮಾಣದಲ್ಲಿ ಹರಿದದ್ದು. ಆ ಅಧಿಕಾರಿಗೆ ಎದುರಿಗಿರುವುದು ಹತ್ತು ವರ್ಷದ ಗಡಿಯಾರವಲ್ಲ, ನಿವೃತ್ತರಿಗೆ ತಿಂಗಳು ತಿಂಗಳೂ ಸಲ್ಲಬೇಕಾದ ಹಣ. 2022ರಲ್ಲಿ ಷೇರುಪೇಟೆ ಕುಸಿದಾಗ ಸಂಗ್ರಹದ ಒಟ್ಟು ಗಾತ್ರ ಕುಗ್ಗಿ, ಮೌಲ್ಯ ಇನ್ನೂ ತಗ್ಗಿಸದ ವೆಂಚರ್‌ನಂಥ ಖಾಸಗಿ ಹೂಡಿಕೆಗಳ ಪ್ರಮಾಣ, ಸಂಸ್ಥೆಗಳು ತಾವೇ ಹಾಕಿಕೊಂಡಿದ್ದ ಮಿತಿಯನ್ನು ತಾನಾಗಿಯೇ ದಾಟಿತು. ಅನೇಕ ಸಂಸ್ಥೆಗಳು ಹೊಸ ನಿಧಿಗಳಿಗೆ ಹಣ ಕೊಡುವುದನ್ನು ತಡೆಹಿಡಿದವು. ಏನೂ ತಪ್ಪು ಮಾಡದ ಪಾಲುದಾರರ ಮುಂದಿನ ನಿಧಿ ಹೀಗೆ ನಿಂತುಹೋದದ್ದನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಒಂದೆರಡು ಸಲ ಆ ಕರೆಯನ್ನು ಮಾಡಿ ತಿಳಿಸಬೇಕಾದವನು ನಾನೇ ಆಗಿದ್ದೆ.

ಈ ಕಡೆಯ ವೃತ್ತಿಯನ್ನು ಜನ ಎರಡನೇ ದರ್ಜೆಯದೆಂದು ಎಣಿಸುವುದು ನನಗೆ ಒಪ್ಪಿಗೆಯಿಲ್ಲ. ಡೇವಿಡ್ ಸ್ವೆನ್ಸೆನ್ 1985ರಲ್ಲಿ ಯೇಲ್ ವಿಶ್ವವಿದ್ಯಾಲಯದ ದತ್ತಿನಿಧಿಯನ್ನು ವಹಿಸಿಕೊಂಡು 2021ರಲ್ಲಿ ತೀರಿಕೊಳ್ಳುವವರೆಗೂ ಅಲ್ಲಿಯೇ ಇದ್ದರು. ಅವರ ಬಳಿ ಪಳಗಿದವರು ಮುಂದೆ ಪ್ರಿನ್ಸ್‌ಟನ್, ಎಂಐಟಿಯಂಥ ಕಡೆಗಳ ದತ್ತಿನಿಧಿಗಳನ್ನು ಮುನ್ನಡೆಸಿದರು. ಸಂಬಳ ವೆಂಚರ್ ಪಾಲುದಾರರದ್ದಕ್ಕಿಂತ ಕಡಿಮೆ, ಸಮಿತಿಗಳ ಕಾಟ ಹೆಚ್ಚು, ಹೆಸರಾಂತ ನಿಧಿಗೆ ಹಣ ಕೊಟ್ಟು ಸೋತರೆ ಯಾರೂ ಬೈಯುವುದಿಲ್ಲ ಎಂಬ ಕಾರಣಕ್ಕೆ ಎಲ್ಲರೂ ಒಂದೇ ಕಡೆ ವಾಲುವ ಜಡತೆಯೂ ಉಂಟು. ಆದರೆ ಒಂದು ವರ್ಷದಲ್ಲಿ ನೂರಾರು ನಿಧಿಗಳ ಒಳಗುಟ್ಟು ನೋಡುವ ಅವಕಾಶ ಬೇರೆಲ್ಲೂ ಇಲ್ಲ. ನಿಮ್ಮ ಪಿಂಚಣಿ ನಿಧಿಯ ಅಧಿಕಾರಿಗೆ, ಯಾವ ನಿಧಿಗೆ ಎರಡನೆಯ ಬಾರಿ ಹಣ ಕೊಡಲಿಲ್ಲ, ಆ ತೀರ್ಮಾನ ಯಾವ ಸಭೆಯಲ್ಲಿ ಹೇಗಾಯಿತು ಎಂದು ಕೇಳಿ.

ಆದ್ದರಿಂದ ನಿಮ್ಮ ಎರಡು ಭೇಟಿಗಳಲ್ಲಿ ಪಿಂಚಣಿ ನಿಧಿಯವರದ್ದನ್ನು ಮೊದಲಿಗೆ ಇಟ್ಟುಕೊಳ್ಳಿ. ‘ನಾಳಿದ್ದು ಒಬ್ಬ ವೆಂಚರ್ ಪಾಲುದಾರರನ್ನು ಕಾಣುತ್ತೇನೆ, ನನ್ನ ಜಾಗದಲ್ಲಿದ್ದರೆ ನೀವು ಏನು ಕೇಳುತ್ತಿದ್ದಿರಿ?’ ಎಂದರೆ ಸಾಕು, ಅವರು ಕೊಡುವ ಪ್ರಶ್ನೆ ನಾನಿಲ್ಲಿ ಬರೆದಿರುವುದಕ್ಕಿಂತ ಮೊನಚಾಗಿರುತ್ತದೆ. ಪಾಲುದಾರರೊಡನೆ ಕೊನೆಯ ಐದು ನಿಮಿಷದಲ್ಲಿ ಕೆಲಸ ಕೇಳಬೇಡಿ. ಅವರ ನಿಧಿಯನ್ನು ಬಿಟ್ಟುಹೋದವರಲ್ಲಿ ಯಾರೊಡನೆ ಮಾತನಾಡಿದರೆ ಒಳ್ಳೆಯದು ಎಂದು ಕೇಳಿ. ತಕ್ಷಣ ಒಂದು ಹೆಸರು ಬಂದರೆ ಅದನ್ನು ಬರೆದುಕೊಂಡು ಆ ವಾರವೇ ಪತ್ರ ಬರೆಯಿರಿ. ಹೆಸರು ಬರದಿದ್ದರೆ, ಎಷ್ಟು ಹೊತ್ತು ಯೋಚಿಸಿದರು ಎಂಬುದನ್ನು ಬರೆದುಕೊಳ್ಳಿ.